ಹಾಫಿಯಮ್ಮ ಶಾಲೆಯಲ್ಲಿ ಬರೆದ ಮೊಟ್ಟೆ

ಬೆಟ್ಟಗಳ ನಡುವಿನ ನಮ್ಮ ಸ್ಮೆರೆಚ್ನೆ ಹಳ್ಳಿಯಲ್ಲಿ ಹಾಫಿಯಮ್ಮನಷ್ಟು ಹೆದರುವವರು ಇನ್ನೊಬ್ಬರಿರಲಿಲ್ಲ. ಅಂಚೆಯವನು ಬೇಲಿಯ ಹತ್ತಿರ ನಿಂತರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಮರ ಸಾಗಿಸುವ ಲಾರಿ ಮನೆಯ ಮುಂದೆ ನಿಧಾನವಾದರೆ ಒಲೆಯ ಹಿಂದಕ್ಕೆ ಸರಿಯುತ್ತಿದ್ದರು. ಯಾರಾದರೂ ಹೆಸರು ಕೇಳಿದರೆ, ಉತ್ತರ ಕೊಡುವ ಮೊದಲು ಏಕೆ ಕೇಳುತ್ತಿದ್ದಾರೆಂದು ಯೋಚಿಸುತ್ತಿದ್ದರು. ಅದಕ್ಕೆ ಕಾರಣವಿತ್ತು. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ಒಂದು ಬೆಳಗ್ಗೆ, ಅವರ ಗಂಡನನ್ನು ಸರ್ಕಾರದ ಜನ ಹೆಸರು ಕೇಳಿಯೇ ಕರೆದುಕೊಂಡು ಹೋಗಿದ್ದರು. ಅವನು ಮರಳಿ ಬರಲಿಲ್ಲ.

ನಾನು ಅದೇ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೆ. ಅವರ ಮನೆಯ ಹಾದಿಯಲ್ಲೇ ನನ್ನ ಮನೆ. ಸಂಜೆ ಹೋಗುವಾಗ ಕಿಟಕಿಯಿಂದ ಅವರು ಕಾಣುತ್ತಿದ್ದರು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಕಿಟಕಿಗೆ ಕಂಬಳಿ ಬೀಳುತ್ತಿತ್ತು. ಕಂಬಳಿ ಬಿತ್ತೆಂದರೆ ಹಾಫಿಯಮ್ಮ ಮೊಟ್ಟೆ ಬರೆಯುತ್ತಿದ್ದಾರೆಂದು ಊರಿಗೆಲ್ಲ ತಿಳಿಯುತ್ತಿತ್ತು. ದೇವರ ಹಬ್ಬಗಳನ್ನು ಸರ್ಕಾರ ನಿಷೇಧಿಸಿದ್ದ ಕಾಲ ಅದು. ಅಡಗಿಸಲು ಹಾಕಿದ ಕಂಬಳಿಯೇ ಡಂಗುರ ಸಾರುತ್ತಿತ್ತು. ಪಕ್ಕದ ಮನೆಯ ಓದೋಕಿಯಾ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

"ಅಕ್ಕಾ, ನೀನು ನಿನ್ನ ಕೋಳಿಗೂ ಹೆದರ್ತೀಯ. ಮೊಟ್ಟೆ ಎತ್ಕೊಳ್ಳೋಕ್ ಮುಂಚೆ ಅದರ ಅಪ್ಪಣೆ ಕೇಳ್ತೀಯೇನು?"

"ಮೆತ್ತಗೆ ಮಾತಾಡೇ. ಗೋಡೆಗೂ ಕಿವಿ ಇರತ್ತೆ."

"ನಿನ್ ಮನೆ ಗೋಡೆ ಮರದ್ದು. ಅದಕ್ಕಿರೋದು ಗೆದ್ದಲು ಅಷ್ಟೇ."

ನಮ್ಮಲ್ಲಿ ಮೊಟ್ಟೆಗೆ ಬಣ್ಣ ಹಚ್ಚುವುದು ಎನ್ನುವುದಿಲ್ಲ, ಬರೆಯುವುದು ಎನ್ನುತ್ತೇವೆ. ಬರೆದ ಮೊಟ್ಟೆ ಪಿಸಂಕ. ಒಂದು ಕಡ್ಡಿಯ ತುದಿಗೆ ಹಿತ್ತಾಳೆಯ ಸಣ್ಣ ಕೊಳವೆಯನ್ನು ತಂತಿಯಿಂದ ಕಟ್ಟಿರುತ್ತಾರೆ. ಅದನ್ನು ಬಿಸಿ ಜೇನುಮೇಣದಲ್ಲಿ ಅದ್ದಿ, ಬಿಳಿಯ ಹಸಿ ಮೊಟ್ಟೆಯ ಮೇಲೆ ಗೆರೆ ಎಳೆಯಬೇಕು. ಮೇಣ ಕುಳಿತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಅದು ಬಿಳಿಯಾಗಿಯೇ ಉಳಿಯುತ್ತದೆ. ಆಮೇಲೆ ಹಳದಿ ನೀರಿನಲ್ಲಿ ಮುಳುಗಿಸಿ, ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ. ನಂತರ ಕೆಂಪು, ಮತ್ತೆ ಮೇಣ. ಕೊನೆಗೆ ಕಪ್ಪು. ಕಪ್ಪು ನೀರಿನಿಂದ ಮೇಲೆ ಬಂದ ಮೊಟ್ಟೆ ಇದ್ದಿಲ ಉಂಡೆಯಂತೆ ಇರುತ್ತದೆ. ಬರೆದವಳಿಗೂ ಏನೂ ಕಾಣುವುದಿಲ್ಲ. ಬೆಂಕಿಯ ಪಕ್ಕದಲ್ಲಿ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸಿದಾಗಲೇ ಬರೆದದ್ದೆಲ್ಲ ಬೆಳಕಿಗೆ ಬರುವುದು. ತಪ್ಪು ಗೆರೆಯನ್ನು ಅಳಿಸುವ ದಾರಿಯೇ ಈ ಕೆಲಸದಲ್ಲಿಲ್ಲ.

ಇಂಥ ಕೆಲಸಕ್ಕೆ ಕುಳಿತಾಗ ಮಾತ್ರ ಹಾಫಿಯಮ್ಮನ ಕೈ ನಡುಗುತ್ತಿರಲಿಲ್ಲ. ಕೂರುವ ಮೊದಲು ಶಿಲುಬೆಯ ಗುರುತು ಮಾಡಿಕೊಂಡು, "ದೇವರೇ, ಕೈ ಹಿಡಿ" ಎನ್ನುತ್ತಿದ್ದರು. ಮೊಟ್ಟೆಯ ನಡುವಿಗೆ ಜಿಂಕೆ, ಮೇಲಿನ ತಲೆಗೆ ದೇವದಾರಿನ ರೆಂಬೆ, ಕೆಳಗಿನ ತಲೆಗೆ ಒಂದು ಪುಟ್ಟ ಶಿಲುಬೆ. ನಲವತ್ತು ವರ್ಷ ಆ ಕ್ರಮ ತಪ್ಪಿರಲಿಲ್ಲ, ಒಂದು ಹನಿ ಮೇಣ ಎಲ್ಲೆಂದರಲ್ಲಿ ಬಿದ್ದಿರಲಿಲ್ಲ.

ಎಪ್ಪತ್ತಮೂರನೆಯ ಇಸವಿಯಲ್ಲಿ ಅವರ ಹೆದರಿಕೆಗೆ ನಿಜವಾದ ಒಂದು ಮುಖ ಬಂತು. ಅವರ ಮಗಳು ಕಾಲಿನಾ ಎದೆಯ ರೋಗದಿಂದ ತೀರಿಹೋಗಿದ್ದಳು. ಅಳಿಯ ಮರ ಕಡಿಯುವ ಕೆಲಸಕ್ಕೆಂದು ಉತ್ತರಕ್ಕೆ ಹೋದವನು ಅಲ್ಲಿಯೇ ಬೇರೆ ಸಂಸಾರ ಹೂಡಿದ. ಮೊಮ್ಮಗಳು ವಾಸಿಲಿನಾ ಅಜ್ಜಿಯ ಬಳಿ ಉಳಿದಳು. ಎಂಟು ವರ್ಷದ ಹುಡುಗಿ, ನನ್ನ ಎರಡನೆಯ ತರಗತಿಯಲ್ಲಿ ಓದುತ್ತಿದ್ದಳು. ಆ ಚಳಿಗಾಲದಲ್ಲಿ ಜಿಲ್ಲಾ ಕಚೇರಿಯಿಂದ ಒಂದು ಕಾಗದ ಬಂತು. ಮಗುವನ್ನು ಅಜ್ಜಿ ಸರಿಯಾದ ರೀತಿಯಲ್ಲಿ ಬೆಳೆಸುತ್ತಿದ್ದಾಳೆಯೇ ಎಂದು ವಸಂತದಲ್ಲಿ ಬಂದು ನೋಡುತ್ತೇವೆ; ಮನೆಯಲ್ಲಿ ದೇವರು ದಿಂಡರ ಆಚರಣೆ ಕಂಡುಬಂದರೆ ಮಗುವನ್ನು ವಸತಿ ಶಾಲೆಗೆ ಒಯ್ಯುತ್ತೇವೆ ಎಂದು ಅದರಲ್ಲಿತ್ತು. ಕಾಗದವನ್ನು ಓದಿ ಹೇಳಿದವನು ನಾನೇ. ಹಾಫಿಯಮ್ಮ ಹುಡುಗಿಯ ಜಡೆಯ ತುದಿಯನ್ನು ಹಿಡಿದುಕೊಂಡು ಕುಳಿತಿದ್ದರು.

ಈಸ್ಟರಿನ ಮರುದಿನ ಶಾಲೆಯಲ್ಲಿ ಮಕ್ಕಳ ಕೈ ನೋಡುವ ಪದ್ಧತಿ ಆಗ ಇತ್ತು. ಬೆರಳಿಗೆ ಬಣ್ಣ ಹತ್ತಿದ್ದರೆ ಮನೆಯಲ್ಲಿ ಹಬ್ಬ ಮಾಡಿದ್ದಾರೆಂದು ಅರ್ಥ. ಹಾಗೆ ನೋಡಿ ಹೆಸರು ಬರೆದುಕೊಳ್ಳುವ ಕೆಲಸ ನಮ್ಮಂಥ ಮೇಷ್ಟ್ರುಗಳದ್ದೇ ಆಗಿತ್ತು. ನಾನೂ ನೋಡಿದ್ದೇನೆ. ಕೆಲವು ಹೆಸರುಗಳನ್ನು ಬಿಟ್ಟಿದ್ದೇನೆ, ಎಲ್ಲವನ್ನೂ ಬಿಡುವ ಎದೆ ನನಗಿರಲಿಲ್ಲ.

ಆ ವರ್ಷ ಹಾಫಿಯಮ್ಮ ಮೊಟ್ಟೆ ಬರೆಯುವುದೇ ಬೇಡವೆಂದುಕೊಂಡಿದ್ದರಂತೆ. ಬರೆಯದೆ ಇರಲು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತಂತೆ. ನಮ್ಮ ಬೆಟ್ಟಗಳಲ್ಲಿ ಒಂದು ನಂಬಿಕೆಯಿದೆ. ಬಂಡೆಯ ಕೆಳಗೆ ಕೇಡನ್ನು ಸರಪಳಿಯಲ್ಲಿ ಬಿಗಿದಿದ್ದಾರೆ. ಪಿಸಂಕ ಬರೆಯುವವರು ಕಡಿಮೆಯಾದ ವರ್ಷ ಸರಪಳಿ ಸಡಿಲವಾಗುತ್ತದೆ. ಹೀಗೆ ಅತ್ತಲೂ ಭಯ, ಇತ್ತಲೂ ಭಯ. ಕೊನೆಗೆ ಐದೇ ಮೊಟ್ಟೆ ಬರೆದರು. ಹಬ್ಬಕ್ಕೆ ಮುಂಚಿನ ಗುರುವಾರ ಮಧ್ಯಾಹ್ನ ಐದನೆಯದು ಚಮಚದಿಂದ ಜಾರಿ ಕಪ್ಪು ಬಣ್ಣದ ಪಾತ್ರೆಯ ತಳಕ್ಕೆ ಹೋಯಿತು. ಒಡೆಯುತ್ತದೆಂದು ಗಾಬರಿಯಾಗಿ ವಾಸಿಲಿನಾ ಎರಡೂ ಕೈಯನ್ನು ಮುಳುಗಿಸಿ ಎತ್ತಿದಳು. ಮೊಟ್ಟೆ ಉಳಿಯಿತು. ಹುಡುಗಿಯ ಕೈ ಮಣಿಕಟ್ಟಿನವರೆಗೆ ಮಸಿಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ನಾಲ್ಕು ದಿನದಲ್ಲಿ ಮಾಸುತ್ತಿತ್ತೇನೋ. ಹಾಫಿಯಮ್ಮ ಕೈಗೆ ಸಿಕ್ಕಿದ್ದನ್ನು ತಂದು ಉಜ್ಜಿದರು. ಸಿಕ್ಕಿದ್ದು ಎಲೆಕೋಸಿನ ಉಪ್ಪಿನಕಾಯಿಯ ಹುಳಿನೀರು. ಹಿತ್ತಾಳೆಯ ಕಲೆಗೆ, ಆಕ್ರೋಟಿನ ಸಿಪ್ಪೆಯ ಕಲೆಗೆ ನಮ್ಮ ಹೆಂಗಸರು ಅದನ್ನೇ ಹಾಕುವುದು. ಆದರೆ ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಮೊಟ್ಟೆಯ ಬಣ್ಣದ ನೀರಿಗೆ ಬೆರೆಸುವುದೂ ಅದೇ ಹುಳಿಯನ್ನು. ನಲವತ್ತು ವರ್ಷ ತಾವೇ ಬೆರೆಸಿದ್ದನ್ನು ಆ ಗಳಿಗೆಯಲ್ಲಿ ಮರೆತರು. ಉಜ್ಜಿದಷ್ಟೂ ಕಪ್ಪು ಒಳಗಿಳಿಯಿತು. ಓದೋಕಿಯಾ ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಕ್ಕಾ! ಮಗೂಗೆ ಬಣ್ಣ ಕಟ್ಟಿಬಿಟ್ಟೆಯಲ್ಲೇ! ಇನ್ನು ಇವಳ ಮದುವೆಗೂ ಹೀಗೇ ಇರತ್ತೆ!"

"ಸೋಮವಾರದೊಳಗೆ ಹೋಗತ್ತೆ ಅಲ್ವಾ? ಹೋಗತ್ತೆ ಅಂತ ಹೇಳೇ."

ಆದರೆ ಕಚೇರಿಯವರು ಸೋಮವಾರಕ್ಕೆ ಕಾಯಲಿಲ್ಲ. ಮರುದಿನ ಶುಕ್ರವಾರ ಬೆಳಗಿನ ಬಸ್ಸಿನಲ್ಲೇ ಜಿಲ್ಲೆಯಿಂದ ಇನ್‌ಸ್ಪೆಕ್ಟರ್ ಲಿದಿಯಾ ಮಾರ್ಕಿವ್ನಾ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಬೂದು ಬಣ್ಣದ ಕೋಟು, ದಣಿದ ಮುಖ, ಸದ್ದಿಲ್ಲದ ಮಾತು. ಗದರಿಸುವವರಿಗಿಂತ ಇಂಥವರಿಗೇ ನಾನು ಹೆಚ್ಚು ಹೆದರುತ್ತಿದ್ದೆ. ಅವರು ನೇರ ನನ್ನ ತರಗತಿಗೆ ಬಂದು, ವಾಸಿಲಿನಾಳ ಬೆಂಚಿನ ಮುಂದೆ ನಿಂತರು.

"ಕೈ ಮೇಜಿನ ಮೇಲಿಡು ಮಗೂ."

ಹುಡುಗಿ ಕೈಯನ್ನು ಬೆನ್ನ ಹಿಂದಿನಿಂದ ತೆಗೆಯಲಿಲ್ಲ. ಇನ್‌ಸ್ಪೆಕ್ಟರ್ ಮೆಲ್ಲಗೆ ತಾವೇ ಹಿಡಿದು ಮುಂದಕ್ಕೆ ತಂದರು.

"ಇದೇನಿದು?"

"ಬೀಟ್‌ರೂಟ್," ಎಂದಳು ವಾಸಿಲಿನಾ. ಅಜ್ಜಿ ಹೇಳಿಕೊಟ್ಟಿದ್ದು ಅದನ್ನೇ.

"ಕರಿ ಬೀಟ್‌ರೂಟಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ನನ್ನ ಬಾಯಿಂದ ಒಂದು ಮಾತು ಹೊರಟಿತು, ಯೋಚಿಸಿ ಆಡಿದ್ದಲ್ಲ. ಮೇ ಒಂದರ ಹಬ್ಬಕ್ಕೆ ಜಿಲ್ಲಾ ಸಂಸ್ಕೃತಿ ಭವನದಲ್ಲಿ ಜನಪದ ಕರಕುಶಲ ಪ್ರದರ್ಶನವಿದೆಯೆಂದು ಬಂದಿದ್ದ ಸುತ್ತೋಲೆ ನನ್ನ ಮೇಜಿನ ಖಾನೆಯಲ್ಲಿ ಎರಡು ವಾರದಿಂದ ಬಿದ್ದಿತ್ತು. ಕಸೂತಿ, ಮರದ ಕೆತ್ತನೆ, ಅಲಂಕಾರದ ಮೊಟ್ಟೆ ಎಂದು ಅದರಲ್ಲಿ ಪಟ್ಟಿಯಿತ್ತು.

"ಕಾಮ್ರೇಡ್ ಇನ್‌ಸ್ಪೆಕ್ಟರ್, ಅದು ಪ್ರದರ್ಶನದ ಕೆಲಸ. ಇವಳ ಅಜ್ಜಿ ನಮ್ಮ ಶಾಲೆಯ ಪರವಾಗಿ ಒಂದು ಮೊಟ್ಟೆ ಮಾಡುತ್ತಿದ್ದಾರೆ."

"ಹಾಗೋ? ತರಿಸಿ ನೋಡೋಣ."

ಆ ಐದು ಮೊಟ್ಟೆಗಳ ಕೆಳತಲೆಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. "ಇನ್ನೂ ಮುಗಿದಿಲ್ಲ," ಎಂದೆ.

"ಒಳ್ಳೆಯದೇ ಆಯಿತು. ಇಲ್ಲಿಗೇ ಬಂದು ಮಾಡಲಿ. ನಾಲ್ಕು ಗಂಟೆಯವರೆಗೆ ನನಗೆ ಬಸ್ಸಿಲ್ಲ," ಎಂದು ಲಿದಿಯಾ ಮಾರ್ಕಿವ್ನಾ ಕುರ್ಚಿ ಎಳೆದುಕೊಂಡರು. "ಮಗುವಿನ ಕಾಗದವೂ ನನ್ನ ಚೀಲದಲ್ಲೇ ಇದೆ. ವಸತಿ ಶಾಲೆಯಲ್ಲಿ ಒಂದು ಹಾಸಿಗೆ ಖಾಲಿ ಇಟ್ಟಿದ್ದಾರೆ. ಅಜ್ಜಿಯನ್ನೂ ನೋಡಿದ ಹಾಗಾಯಿತು."

ಹಾಫಿಯಮ್ಮನನ್ನು ಕರೆಯಲು ನಾನೇ ಓಡಿದೆ. ವಿಷಯ ಕೇಳಿ ಅವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಆಗಲ್ಲ ಮೇಷ್ಟ್ರೇ. ಅವರ ಎದುರಿಗೆ ನನ್ನ ಹೆಸರೇ ಬಾಯಿಗೆ ಬರಲ್ಲ. ಮೊಟ್ಟೆ ಹೇಗೆ ಬರೀಲಿ?"

"ಬರೆಯದಿದ್ದರೆ ಹುಡುಗಿ ಸಂಜೆಯ ಬಸ್ಸಿಗೆ ಹೋಗುತ್ತಾಳೆ ಹಾಫಿಯಮ್ಮ."

ಈ ಮಾತನ್ನು ಅಷ್ಟು ಬಿರುಸಾಗಿ ಹೇಳಬಾರದಿತ್ತು. ಆದರೆ ಅದನ್ನು ಕೇಳಿ ಅವರು ಎದ್ದರು. ಉಣ್ಣೆಯಲ್ಲಿ ಸುತ್ತಿದ ಒಂದು ಬಿಳಿ ಹಸಿ ಮೊಟ್ಟೆ, ಮೇಣದ ಬಟ್ಟಲು, ಕಡ್ಡಿ ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡರು. ಬಣ್ಣದ ಮೂರು ಜಾಡಿಗಳನ್ನು ಓದೋಕಿಯಾ ಎತ್ತಿಕೊಂಡಳು. ದಾರಿಯುದ್ದಕ್ಕೂ ನಾನು ಹೇಳಿದ್ದು ಒಂದೇ: "ಶಿಲುಬೆ ಬೇಡ. ಕೈಯಲ್ಲೂ ಬೇಡ, ಮೊಟ್ಟೆಯಲ್ಲೂ ಬೇಡ. ದೇವರ ಹೆಸರು ಎತ್ತಬೇಡಿ."

"ಹಾಗಾದ್ರೆ ಯಾರ ಹೆಸರು ಹಿಡಿದು ಶುರು ಮಾಡ್ಲಿ?"

"ಜಿಲ್ಲಾ ಕಚೇರಿ ಹೆಸರು ಹಿಡಿ," ಎಂದಳು ಓದೋಕಿಯಾ. ಅವಳ ನಗುವೂ ಅಂದು ಒಣಗಿತ್ತು.

ತರಗತಿಯ ಒಲೆಯ ಪಕ್ಕದಲ್ಲಿ ಹಾಫಿಯಮ್ಮ ಕುಳಿತರು. ಇನ್‌ಸ್ಪೆಕ್ಟರ್ ಮೂರು ಮೊಳ ದೂರದಲ್ಲಿ, ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡು. ಮಕ್ಕಳನ್ನು ಮನೆಗೆ ಕಳುಹಿಸಿದ್ದೆವು. ವಾಸಿಲಿನಾ ಮಾತ್ರ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲಿದ್ದಳು. ಮೇಣ ಕರಗಿತು. ಹಾಫಿಯಮ್ಮ ಕಡ್ಡಿಯನ್ನು ಎಡಗೈಗೆ ಬದಲಾಯಿಸಿದರು. ಬಲಗೈ ತಾನಾಗಿಯೇ ಹಣೆಯತ್ತ ಎದ್ದಿತು. ಕೈ ಹಣೆಯನ್ನು ಮುಟ್ಟಿ, ಅಲ್ಲಿಯೇ ಅರೆಗಳಿಗೆ ನಿಂತು, ತಲೆವಸ್ತ್ರದೊಳಗೆ ಒಂದು ಕೂದಲನ್ನು ತೂರಿಸಿ ಕೆಳಗಿಳಿಯಿತು.

ಸಾಮಾನ್ಯವಾಗಿ ಮೊದಲು ಮೊಟ್ಟೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೆರೆಯಿಂದ ಸುತ್ತಿ ಭಾಗ ಮಾಡುತ್ತಾರೆ. ಎರಡು ಗೆರೆ ಕೂಡಿದ ಕಡೆಯೆಲ್ಲ ಶಿಲುಬೆಯಾಗುತ್ತದೆ. ಹಾಫಿಯಮ್ಮ ಉದ್ದದ ಗೆರೆಯನ್ನು ಬಿಟ್ಟರು. ನಡುವಿಗೆ ಅಡ್ಡಲಾಗಿ ಎರಡು ಪಟ್ಟಿ ಮಾತ್ರ ಸುತ್ತಿದರು.

"ಇದೇನು?" ಎಂದರು ಇನ್‌ಸ್ಪೆಕ್ಟರ್.

ಹಾಫಿಯಮ್ಮ ಕಡ್ಡಿಯನ್ನು ಮತ್ತೆ ಮೇಣಕ್ಕೆ ಅದ್ದಿದರು. ಓದೋಕಿಯಾ ಬಾಗಿಲ ಬಳಿಯಿಂದಲೇ ಹೇಳಿದಳು: "ಸೊಂಟದ ಪಟ್ಟಿ ಕಣಮ್ಮಾ. ಮೊಟ್ಟೆಗೂ ಒಂದು ಸೊಂಟ ಬೇಡವಾ? ನನ್ನ ಹಾಗೆ ಮೇಲಿಂದ ಕೆಳಗೆ ಒಂದೇ ಸಮ ಇದ್ರೆ ಯಾರು ನೋಡ್ತಾರೆ?"

ಇನ್‌ಸ್ಪೆಕ್ಟರ್ ನಗಲಿಲ್ಲ. ಬರೆದುಕೊಳ್ಳುತ್ತಲೇ ಇದ್ದರು.

ಜಿಂಕೆಯ ಕೊಂಬಿನ ಮೇಣದ ಗೆರೆಗಳು ಮೂಡಿದವು. ಮೇಲಿನ ತಲೆಗೆ ರೆಂಬೆ ಮೂಡಿತು. ಹಾಫಿಯಮ್ಮ ಮೊಟ್ಟೆಯನ್ನು ತಿರುಗಿಸಿ ಕೆಳಗಿನ ತಲೆಯನ್ನು ಮೇಲೆ ಮಾಡಿಕೊಂಡರು. ಅದೇ ಹೊತ್ತಿಗೆ ಲಿದಿಯಾ ಮಾರ್ಕಿವ್ನಾ ಕಾಗದದಿಂದ ಕಣ್ಣೆತ್ತದೆ ಕೇಳಿದರು:

"ಮಗುವಿಗೆ ಬೆಚ್ಚನೆಯ ಬೂಟು ಇದೆಯೇ? ಅಲ್ಲಿ ಅವರು ಕೊಡುವುದು ತಡವಾಗುತ್ತದೆ."

ಹಾಫಿಯಮ್ಮ ತಲೆಯೆತ್ತಿ ವಾಸಿಲಿನಾಳ ಕಡೆಗೆ ನೋಡಿದರು. ಕೈ ಮಾತ್ರ ನಿಲ್ಲಲಿಲ್ಲ, ಬರೆಯುತ್ತಲೇ ಇತ್ತು. ಒಂದು ಗೆರೆ, ಇನ್ನೊಂದು ಗೆರೆ. ಆಮೇಲೆ ಎಚ್ಚರವಾದವರಂತೆ ಬೆಚ್ಚಿದರು. ಕೈ ನಡುಗಿತು. ಕೂಡಲೇ ಮೊಟ್ಟೆಯನ್ನು ಚಮಚದಲ್ಲಿಟ್ಟು ಹಳದಿಯ ಜಾಡಿಗೆ ಇಳಿಸಿಬಿಟ್ಟರು. ಕೆಳತಲೆ ಚಮಚದ ತಳಕ್ಕೆ ಒರಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಹಳದಿ, ಕೆಂಪು, ಕಪ್ಪು. ನಡುನಡುವೆ ಮೇಣ. ಎರಡು ಗಂಟೆಗಳ ಕೆಲಸ. ಇನ್‌ಸ್ಪೆಕ್ಟರ್ ಊಟಕ್ಕೆಂದು ಮುಖ್ಯೋಪಾಧ್ಯಾಯರ ಕೋಣೆಗೆ ಹೋದಾಗ ಹಾಫಿಯಮ್ಮ ನನ್ನ ತೋಳು ಹಿಡಿದುಕೊಂಡರು.

"ಮೇಷ್ಟ್ರೇ, ಕೆಳಗಡೆ ನನ್ನ ಕೈ ತಾನೇ ಹೋಯ್ತು. ಏನು ಬರೀತೋ ನಾನು ನೋಡಿಲ್ಲ. ನೋಡೋ ಧೈರ್ಯ ಆಗಲಿಲ್ಲ."

"ಶಿಲುಬೆಯೇ?"

"ನಲವತ್ತು ವರ್ಷ ಅಲ್ಲಿ ಅದನ್ನೇ ಬರೆದ ಕೈ. ಇನ್ನೇನು ಬರೆದಿರತ್ತೆ?"

"ಕೆಳಗೆ ಬೀಳಿಸಿ ಒಡೆದುಬಿಡು ಅಕ್ಕಾ," ಎಂದಳು ಓದೋಕಿಯಾ. "ಕೈ ಜಾರಿತು ಅನ್ನು."

ನನಗೂ ಅದೇ ಸರಿಯೆನಿಸಿತು. ಹಾಫಿಯಮ್ಮ ಜಾಡಿಯೊಳಗೆ ನೋಡಿದರು. "ಒಡೆದ್ರೆ ಇನ್ನೊಂದು ಬರಿ ಅಂತಾರೆ. ಆಗಲೂ ಇದೇ ಕೈ ತಾನೇ?" ಎಂದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮೊಟ್ಟೆ ಕರ್ರಗೆ ಮೇಲೆ ಬಂತು. ಹಾಫಿಯಮ್ಮ ಅದನ್ನು ಒಲೆಯ ಬಾಯಿಯ ಬಳಿ ಹಿಡಿದರು. ಮೇಣ ಬೆವರಿತು. ಒರೆಸಿದ ಕಡೆ ಮೊದಲು ಬಿಳಿ ಅಂಚಿನ ಕೆಂಪು ಪಟ್ಟಿ, ಆಮೇಲೆ ಹಳದಿ ಜಿಂಕೆ, ಅದರ ಬಿಳಿಯ ಕೊಂಬು ಕಂಡವು. ಇನ್‌ಸ್ಪೆಕ್ಟರ್ ತಮಗರಿವಿಲ್ಲದೆ ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಎಲ್ಲವೂ ಒರೆಸಿಯಾಯಿತು. ಕೆಳತಲೆ ಹಾಫಿಯಮ್ಮನ ಹೆಬ್ಬೆರಳಿನ ಅಡಿಯಲ್ಲಿತ್ತು. ಅವರು ಹೆಬ್ಬೆರಳನ್ನು ತೆಗೆಯಲೊಲ್ಲರು.

"ಅಲ್ಲೇನಿದೆ?"

ವಾಸಿಲಿನಾ ನನ್ನ ಕೋಟಿನ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಇನ್‌ಸ್ಪೆಕ್ಟರ್ ಕೈಚಾಚಿ ಮೊಟ್ಟೆಯನ್ನು ತಾವೇ ತೆಗೆದುಕೊಂಡು, ಬಟ್ಟೆಯನ್ನೂ ತೆಗೆದುಕೊಂಡು, ಬೆಂಕಿಗೆ ಹಿಡಿದು ಒರೆಸಿದರು.

ಬರೆದದ್ದು ಶಿಲುಬೆಯನ್ನೇ. ಆದರೆ ಗೆರೆಗಳು ಕೂಡುವ ಜಾಗದಲ್ಲಿ, ಬೆಚ್ಚಿದ ಕೈಯಿಂದ, ಕಡಲೆಕಾಳಿನಷ್ಟು ದೊಡ್ಡ ಒಂದು ಹನಿ ಮೇಣ ಬಿದ್ದಿತ್ತು. ಗೆರೆಗಳ ನಡುಭಾಗವನ್ನು ಅದು ನುಂಗಿಬಿಟ್ಟಿತ್ತು. ಉಳಿದದ್ದು ಒಂದು ದುಂಡನೆಯ ಬಿಳಿ ಮಚ್ಚೆ, ಅದರಿಂದ ನಾಲ್ಕು ದಿಕ್ಕಿಗೆ ಹೊರಟ ನಾಲ್ಕು ಮೋಟು ಗೆರೆಗಳು.

ಲಿದಿಯಾ ಮಾರ್ಕಿವ್ನಾ ಬಹಳ ಹೊತ್ತು ನೋಡಿದರು.

"ಸೂರ್ಯನೇ?"

"ಮತ್ತೆ?" ಎಂದಳು ಓದೋಕಿಯಾ. "ಮೇ ತಿಂಗಳ ಸೂರ್ಯ."

"ನಾಲ್ಕೇ ಕಿರಣ?"

ಆಗ ಹಾಫಿಯಮ್ಮ ಮಾತಾಡಿದರು. ಅಂದು ಅವರು ಇನ್‌ಸ್ಪೆಕ್ಟರೊಂದಿಗೆ ಆಡಿದ ಮಾತು ಅದೊಂದೇ. "ನಮ್ಮ ಬೆಟ್ಟದಲ್ಲಿ ಮೋಡ ಜಾಸ್ತಿ ತಾಯೀ. ಇಷ್ಟೇ ಸಿಗೋದು."

ಇನ್‌ಸ್ಪೆಕ್ಟರ್ ಅವರ ಮುಖವನ್ನೂ, ಹಿಂದಿನ ಬೆಂಚಿನ ಹುಡುಗಿಯ ಕೈಗಳನ್ನೂ ನೋಡಿದರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಕಚೇರಿಯಲ್ಲಿ ವರದಿ ಕೊಡುತ್ತೇನೆ. ತೀರ್ಮಾನ ಅವರದು," ಎಂದು ಬಸ್ಸಿಗೆ ಹೊರಟರು. ಹುಡುಗಿಯನ್ನು ಕರೆದುಕೊಂಡು ಹೋಗಲಿಲ್ಲ.

ಬಸ್ಸಿನ ಹೊಗೆ ಮರೆಯಾಗುವ ಮುನ್ನವೇ ಹಾಫಿಯಮ್ಮನಿಗೆ ಹೊಸ ಹೆದರಿಕೆ ಹುಟ್ಟಿತು. "ಮೇಷ್ಟ್ರೇ, ಅದು ಹಸಿ ಮೊಟ್ಟೆ ಅಂತ ಹೇಳಲೇ ಇಲ್ಲ! ಚೀಲದಲ್ಲಿ ಒಡೆದ್ರೆ? ಮಗೂನ ಕಾಗದದ ಮೇಲೇ ಒಡೆದ್ರೆ?" ಮೇ ಒಂದರಂದು ನಾನು ಜಿಲ್ಲೆಗೆ ಹೋಗಿ, ಮೊಟ್ಟೆ ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿರುವುದನ್ನು ನೋಡಿ ಬಂದು ಹೇಳಿದ ಮೇಲೆಯೇ ಅವರು ಹೊಟ್ಟೆ ತುಂಬ ಉಂಡದ್ದೆಂದು ಓದೋಕಿಯಾ ಹೇಳಿದಳು. ನಿದ್ದೆ ಮಾತ್ರ ಬರಲಿಲ್ಲ. ಆ ಇಡೀ ತಿಂಗಳು ಜಿಲ್ಲೆಯ ಬೆಳಗಿನ ಬಸ್ಸು ಬರುವ ಹೊತ್ತಿಗೆ ಹಾಫಿಯಮ್ಮ ಹುಡುಗಿಯನ್ನು ಕರೆದುಕೊಂಡು ಮನೆಯ ಹಿಂದಿನ ಕಾಡಿಗೆ ಹೋಗಿ ಕೂರುತ್ತಿದ್ದರು. ಬಸ್ಸು ತಿರುಗಿದ ಮೇಲೆ ಮರಳುತ್ತಿದ್ದರು. ಶಾಲೆಯ ಹಾಜರಿಯಲ್ಲಿ ಆ ಹೊತ್ತುಗಳನ್ನು ನಾನು ಗುರುತು ಹಾಕಲಿಲ್ಲ.

ಜೂನ್ ಎರಡನೆಯ ವಾರದಲ್ಲಿ ಅಂಚೆಯವನು ಬಂದ. ಹಾಫಿಯಮ್ಮ ಲಕೋಟೆಯನ್ನು ಮುಟ್ಟಲಿಲ್ಲ. ಬೇಲಿಯ ಮೇಲೆ ಇಡಿಸಿ, ನನ್ನನ್ನು ಕರೆಸಿದರು. ನಾನು ಒಡೆದು ಓದಿದೆ. ವಾಸಿಲಿನಾ ಎಂಬ ಬಾಲಕಿಯು ಅಜ್ಜಿಯ ಪಾಲನೆಯಲ್ಲಿಯೇ ಮುಂದುವರಿಯತಕ್ಕದ್ದು ಎಂದಿತ್ತು. ಕೆಳಗೆ ಮೊಹರು. ಮೊಹರಿನ ಕೆಳಗೆ ಲಿದಿಯಾ ಮಾರ್ಕಿವ್ನಾರ ಕೈಬರಹದಲ್ಲಿ ಎರಡು ಸಾಲು: ಮುಂದಿನ ವರ್ಷದ ಪ್ರದರ್ಶನಕ್ಕೆ ಇಂಥ ಆರು ಮೊಟ್ಟೆ ಕಳುಹಿಸಬೇಕು, ಸೂರ್ಯ ಇದೇ ರೀತಿ ಇರಲಿ.

"ಇನ್ನೊಂದ್ಸಲ ಓದಿ."

ಓದಿದೆ. ಮೂರನೆಯ ಸಲ ವಾಸಿಲಿನಾಳೇ ಕಿತ್ತುಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಅಜ್ಜಿಯ" ಎನ್ನುವಲ್ಲಿ ನಿಂತು ತಲೆಯೆತ್ತಿದಳು. ಹಾಫಿಯಮ್ಮ ಹುಡುಗಿಯ ಬಾಯನ್ನು ಕೈಯಿಂದ ಮುಚ್ಚಿದರು.

"ಮೆತ್ತಗೆ ಓದು. ಯಾರಾದ್ರೂ ಕೇಳಿಸ್ಕೊಂಡು, ತಪ್ಪಾಗಿದೆ ಅಂತ ವಾಪಸ್ ತಗೊಂಡ್ರೆ?"

ಬೇಲಿಯ ಆಚೆಯಿಂದ ಓದೋಕಿಯಾ ಹೋ ಎಂದು ನಕ್ಕಳು. ಹಾಫಿಯಮ್ಮ ನಗಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಸೇರಿಸಿಕೊಂಡರು. ಆಮೇಲೆ ಸುತ್ತಲೂ ಒಮ್ಮೆ ನೋಡಿ, ನನ್ನನ್ನು ಒಳಗೆ ಕರೆದರು.

"ಮೆಕ್ಕೆಜೋಳದ ಮುದ್ದೆ ಮಾಡ್ತೀನಿ, ಉಂಡು ಹೋಗಿ ಮೇಷ್ಟ್ರೇ. ಬರುವಾಗ ಆ ಬಾಗಿಲು ಒಂದು ಹಾಕ್ಕೊಂಡು ಬನ್ನಿ."